ಹೆರಿಗೆ ಚೀಲ ಮೊದಲೇ ಸಿದ್ಧವಿರಲಿ



ಸೀಮಂತಕ್ಕೆ ಹಸಿರು ಬಳೆ, ಬಗೆಬಗೆಯ ಚಿತ್ರಾನ್ನ ಎಂದು ಓಡಾಡುವ ಮನೆಗಳಲ್ಲೂ ಆಸ್ಪತ್ರೆಗೆ ಒಯ್ಯುವ ಚೀಲ ನೆನಪಾಗುವುದು ನೋವು ಶುರುವಾದ ಮೇಲೆಯೇ. 108 ಆಂಬುಲೆನ್ಸ್ ಬಾಗಿಲಿಗೆ ಬಂದು ನಿಂತಿರುತ್ತದೆ, ಅತ್ತೆ ಬೀರುವಿನಲ್ಲಿ ತಾಯಿ ಕಾರ್ಡ್ ತಡಕಾಡುತ್ತಿರುತ್ತಾರೆ. ರಕ್ತದ ಗುಂಪು, ಬಿ.ಪಿ., ಹಿಮೋಗ್ಲೋಬಿನ್ ಎಲ್ಲ ಇರುವುದು ಅದರಲ್ಲೇ.

‘ಹುಟ್ಟುವ ಮೊದಲೇ ಮಗುವಿಗೆ ಬಟ್ಟೆ ಕೊಳ್ಳಬಾರದು’ ಎನ್ನುವ ಹಿರಿಯರೊಂದಿಗೆ ಜಗಳ ಬೇಡ. ಹಳೆಯ ಹತ್ತಿ ಸೀರೆ ಹರಿದು, ಒಗೆದು, ಬಿಸಿಲಿಗೆ ಹಾಕಿಟ್ಟರೆ ಸಾಕು. ಮಗುವನ್ನು ಒರೆಸಿದ ಬಟ್ಟೆ ತೆಗೆದು ಬೇರೆ ಒಣಬಟ್ಟೆಯಲ್ಲೇ ಸುತ್ತಬೇಕು. ಹಾಗಾಗಿ ನಾಲ್ಕಾರು ತುಂಡು ಇರಲಿ. ಟೋಪಿ ಮರೆಯಬೇಡಿ, ಎಳೆಗೂಸಿನ ಮೈ ಬೇಗ ತಣ್ಣಗಾಗುತ್ತದೆ. ಬಾಣಂತಿಗೆ ಮುಂದೆ ಗುಂಡಿಯಿರುವ ನೈಟಿ, ಪ್ಯಾಡ್, ಬಿಸಿನೀರಿಗೆ ಫ್ಲಾಸ್ಕ್. ಜೇನುತುಪ್ಪ, ಹಾಲಿನ ಬಾಟಲಿ ಮಾತ್ರ ಮನೆಯಲ್ಲೇ ಉಳಿಯಲಿ. ಮೊದಲ ಗಂಟೆಯೊಳಗೆ ಬೇಕಾದುದು ಎದೆಹಾಲು.

ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ ಔಷಧಿ, ಊಟ, ರಕ್ತ ಎಲ್ಲ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಚೀಲ ಮಾತ್ರ ನಾವೇ ಕಟ್ಟಬೇಕು. ಎಂಟನೇ ತಿಂಗಳಲ್ಲಿ ಮನೆಗೆ ಬರುವ ಆಶಾ ಕಾರ್ಯಕರ್ತೆಯರು ಅದನ್ನೊಮ್ಮೆ ಬಿಚ್ಚಿ ನೋಡುವಂತೆ ಆರೋಗ್ಯ ಇಲಾಖೆ ಸೂಚಿಸಲಿ.

– ನಿವೃತ್ತ ಶುಶ್ರೂಷಕಿ, ತಿಪಟೂರು