ಹಾಸ್ಟೆಲಿನ ಅಣ್ಣ ಯಾರು?



ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಕೂಡಲೇ ಡಫಳಾಪುರದಂಥ ಊರಿನ ಮನೆಗಳಲ್ಲಿ ಎರಡು ಮಾತು ಶುರುವಾಗುತ್ತವೆ. ಮೊದಲನೆಯದು ಫೀ, ಎರಡನೆಯದು ಹಾಸ್ಟೆಲ್. ಜತ್ತ ತಾಲ್ಲೂಕು ಮಹಾರಾಷ್ಟ್ರದಲ್ಲಿದ್ದರೂ ಅಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ. ಮಗ ಸಾಂಗಲಿಗೋ ಕೊಲ್ಹಾಪುರಕ್ಕೋ ಹೊರಟರೆ, ಮಗಳು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯದ ಅರ್ಜಿ ತುಂಬುತ್ತಾಳೆ. ಟ್ರಂಕಿನೊಳಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಸೇರುತ್ತವೆ. "ಅಲ್ಲಿ ಅಣ್ಣಂದಿರು ಇರ್ತಾರ, ಹೆದರಬ್ಯಾಡ ತಮ್ಮಾ" ಎಂದು ಅವ್ವ ಧೈರ್ಯ ತುಂಬುತ್ತಾಳೆ. ಆ ಅಣ್ಣಂದಿರ ವಿಚಾರವನ್ನೇ ಈ ತಿಂಗಳು ನಾವು ಎತ್ತಿಕೊಂಡಿದ್ದೇವೆ.

ಅಮೇರಿಕದಲ್ಲಿ ಈ ಅಣ್ಣತನಕ್ಕೆ ಹೆಸರಿಟ್ಟೇ ಸಂಘ ಕಟ್ಟಿದ್ದಾರೆ. 1776ರಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿನ ಕೆಲವು ಹುಡುಗರು 'ಫೈ ಬೀಟಾ ಕಪ್ಪಾ' ಎಂಬ ಗ್ರೀಕ್ ಅಕ್ಷರಗಳ ಕೂಟ ಆರಂಭಿಸಿದರು. ಮುಂದೆ ದೊಡ್ಡ ವಿಶ್ವವಿದ್ಯಾನಿಲಯಗಳಲ್ಲೆಲ್ಲ ಹುಡುಗರಿಗೆ 'ಫ್ರಾಟರ್ನಿಟಿ', ಹುಡುಗಿಯರಿಗೆ 'ಸೊರಾರಿಟಿ' ಹುಟ್ಟಿಕೊಂಡವು. ಲತೀನಿನಲ್ಲಿ 'ಫ್ರಾತೆರ್' ಎಂದರೆ ಸಹೋದರ, 'ಸೊರೋರ್' ಎಂದರೆ ಸಹೋದರಿ. ಹೆಸರೇನೋ ಚೆನ್ನ! ಆದರೆ 2017ರಲ್ಲಿ ಪೆನ್ಸಿಲ್ವೇನಿಯದ ಒಂದು ವಿಶ್ವವಿದ್ಯಾನಿಲಯದಲ್ಲಿ, ಸಂಘಕ್ಕೆ ಸೇರಿಸಿಕೊಳ್ಳುವ ರಾತ್ರಿ ವಿಪರೀತ ಕುಡಿಸಿದ್ದರಿಂದ 19 ವರ್ಷದ ಹುಡುಗ ಮೆಟ್ಟಿಲಿಂದ ಬಿದ್ದ. ಸಹೋದರರೆನಿಸಿಕೊಂಡವರು ಗಂಟೆಗಟ್ಟಲೆ ವೈದ್ಯರನ್ನು ಕರೆಯಲಿಲ್ಲ. ಅವನು ಉಳಿಯಲಿಲ್ಲ.

ನಮ್ಮಲ್ಲಿ ಅಂಥ ಸಂಘಗಳಿಲ್ಲ, ಹಾಸ್ಟೆಲಿನ ರ್ಯಾಗಿಂಗ್ ಇದೆ. 2009ರ ಮಾರ್ಚಿನಲ್ಲಿ ಹಿಮಾಚಲದ ವೈದ್ಯಕೀಯ ಕಾಲೇಜೊಂದರಲ್ಲಿ ಹಿರಿಯರ ಹೊಡೆತಕ್ಕೆ ಮೊದಲ ವರ್ಷದ ವಿದ್ಯಾರ್ಥಿ ಪ್ರಾಣ ಬಿಟ್ಟ. 2023ರ ಆಗಸ್ಟಿನಲ್ಲಿ ಕೊಲ್ಕತ್ತದ ಜಾದವಪುರ ವಿಶ್ವವಿದ್ಯಾನಿಲಯದ ಹಾಸ್ಟೆಲಿಗೆ ಹಳ್ಳಿಯಿಂದ ಬಂದ ಹುಡುಗ ಕೆಲವೇ ದಿನಗಳಲ್ಲಿ ಮೇಲಿನ ಮಹಡಿಯಿಂದ ಬಿದ್ದು ಸತ್ತ. ಇಷ್ಟಾದರೂ "ಪರಿಚಯ ಮಾಡ್ಕೊಳ್ಳೋದು ಅಷ್ಟೇ ಫಾದರ್, ನಾವೂ ಅನುಭವಿಸೀವಿ" ಎನ್ನುವ ದೊಡ್ಡವರಿದ್ದಾರೆ. ತಾನು ತಿಂದ ಪೆಟ್ಟನ್ನು ಮುಂದಿನ ವರ್ಷ ತಮ್ಮನಿಗೆ ದಾಟಿಸುವುದು ಯಾವ ಪರಿಚಯ? ಕನ್ನಡ ಶಾಲೆಯಲ್ಲಿ ಓದಿದ ಜತ್ತದ ಹುಡುಗನ ಮರಾಠಿ ಉಚ್ಚಾರವನ್ನು ಹತ್ತು ಜನ ಸುತ್ತ ಕುಳಿತು ಅಣಕಿಸಿದರೆ, ಗಾಯ ಮೈಮೇಲೆ ಕಾಣುವುದಿಲ್ಲ. ಅವನು ಮನೆಗೆ ಫೋನ್ ಮಾಡಿ "ಊಟ ಸೇರೋದಿಲ್ಲವ್ವ" ಎಂದಷ್ಟೇ ಹೇಳುತ್ತಾನೆ. ತಾಯಂದಿರೇ, ಆ ಮಾತನ್ನು ಬರೀ ಊಟದ ಮಾತೆಂದು ತಿಳಿಯಬೇಡಿ. ಮುಂದಿನ ಬಸ್ಸಿಗೆ ಅಪ್ಪ ಹೋಗಿ ನೋಡಿಬರಲಿ.

ಕಾನೂನು ಮೃದುವಾಗಿಲ್ಲ. ಮಹಾರಾಷ್ಟ್ರದ 1999ರ ಕಾಯ್ದೆ ರ್ಯಾಗಿಂಗಿಗೆ ಎರಡು ವರ್ಷದವರೆಗೆ ಜೈಲು ಹೇಳುತ್ತದೆ. ಶಿಕ್ಷೆಯಾದವನಿಗೆ ಐದು ವರ್ಷ ಬೇರೆಲ್ಲೂ ಪ್ರವೇಶವಿಲ್ಲ. ಕರ್ನಾಟಕದ 1983ರ ಶಿಕ್ಷಣ ಕಾಯ್ದೆಯಲ್ಲೂ ಅದು ಅಪರಾಧವೇ. ಯುಜಿಸಿಯ 2009ರ ನಿಯಮದಂತೆ ವಿದ್ಯಾರ್ಥಿಯೂ ಪಾಲಕರೂ ಮುಚ್ಚಳಿಕೆ ಬರೆದುಕೊಡಬೇಕು. ಅದನ್ನು ಓದದೆ ಸಹಿ ಹಾಕುವವರೇ ಹೆಚ್ಚು. 1800-180-5522 ಎಂಬ ಉಚಿತ ಸಹಾಯವಾಣಿಯನ್ನು ಟ್ರಂಕಿನ ಮುಚ್ಚಳದ ಒಳಗೇ ಬರೆದಿಡಿ.

ಆದರೆ ಕಾನೂನು ಕೈಹಿಡಿದು ತಡೆಯಬಲ್ಲದು, ಅಣ್ಣನನ್ನು ಕೊಡಲಾರದು. ಕೊಲ್ಹಾಪುರದ ಶಾಹೂ ಮಹಾರಾಜರಿಗೆ ಇದು ತಿಳಿದಿತ್ತೆಂದು ತೋರುತ್ತದೆ. 1901ರಿಂದ ಮುಂದೆ ಅವರ ಬೆಂಬಲದಿಂದ ಅಲ್ಲಿ ಮರಾಠ, ಜೈನ, ಲಿಂಗಾಯತ, ಮುಸ್ಲಿಂ ಹುಡುಗರಿಗೆ ಬೋರ್ಡಿಂಗುಗಳೆದ್ದವು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ಒಂದಾಯಿತು. ಒಂದೊಂದು ಜಾತಿಗೆ ಒಂದೊಂದು ಮನೆಯೇ ಎಂದು ಇಂದು ನಾವು ಮುಖ ಸಿಂಡರಿಸಬಹುದು. ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಒಂದು ಮೂಲೆ, ಒಂದು ಪಂಕ್ತಿಯ ಊಟ ಸಿಕ್ಕಿದ್ದು ಹಾಗೆಯೇ.

ನಮ್ಮ ಧರ್ಮಸಭೆಯಲ್ಲಿಯೂ ಒಂದು ವಿದ್ಯಾರ್ಥಿ ಕೂಟವಿದೆ. ಅದು ಹಾಗೆ ಹುಟ್ಟಿದ್ದೆಂದು ಬಹಳ ಮಂದಿಗೆ ಗೊತ್ತಿಲ್ಲ. ಭಾನುವಾರ ಬಲಿಪೂಜೆಯ ನಂತರ ಬಡವರಿಗಾಗಿ ಕಾಣಿಕೆ ಎತ್ತುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಎಂದರೆ ನರೆಗೂದಲಿನ ಹಿರಿಯರೇ ನೆನಪಾಗುತ್ತಾರಲ್ಲವೇ? ಅದನ್ನು ಕಟ್ಟಿದವರು ಪ್ಯಾರಿಸ್ ವಿಶ್ವವಿದ್ಯಾನಿಲಯದ ಹುಡುಗರು. ಲಿಯೋನಿನ ಫ್ರೆಡೆರಿಕ್ ಓಜನಾಮ್ 1831ರಲ್ಲಿ ಕಾನೂನು ಓದಲು ಆ ಮಹಾನಗರಕ್ಕೆ ಬಂದಾಗ 18 ವರ್ಷ. ಒಂಟಿತನ ಅವನನ್ನು ಹಿಂಡಿತು. ವಿಜ್ಞಾನಿ ಆಂಪೇರ್ ತಮ್ಮ ಮನೆಯಲ್ಲೇ ಕೋಣೆ ಕೊಟ್ಟರು. (ವಿದ್ಯುತ್ತನ್ನು ಆಂಪಿಯರಿನಲ್ಲಿ ಅಳೆಯುತ್ತೇವಲ್ಲ, ಅದೇ ಆಂಪೇರ್!) ತರಗತಿಯಲ್ಲಿ ಧರ್ಮಸಭೆಯನ್ನು ಹೀಯಾಳಿಸುವವರಿಗೆ ಇವನೂ ಗೆಳೆಯರೂ ವಾದದಿಂದ ಉತ್ತರ ಕೊಡುತ್ತಿದ್ದರು. "ಈಗ ನೀವು ಮಾಡುತ್ತಿರುವುದೇನು?" ಎಂಬ ಸವಾಲಿಗೆ ಮಾತ್ರ ವಾದ ಸಾಲಲಿಲ್ಲ. 1833ರ ಏಪ್ರಿಲಿನಲ್ಲಿ, ಓಜನಾಮನಿಗೆ 20 ತುಂಬಿದಾಗ, ಕೆಲವೇ ವಿದ್ಯಾರ್ಥಿಗಳು ಸೇರಿದರು. ಸಿಸ್ಟರ್ ರೊಸಾಲಿ ಬಡವರ ಮನೆಗಳ ದಾರಿ ತೋರಿಸಿದರು. ಆ ಕೂಟಕ್ಕೆ ಸೇರಲು ಯಾರೂ ಯಾರ ಮುಂದೆಯೂ ಮಂಡಿಯೂರಬೇಕಿರಲಿಲ್ಲ. ಹಸಿದವರ ಮನೆಯ ಮೆಟ್ಟಿಲು ಹತ್ತಬೇಕಿತ್ತು, ಅಷ್ಟೇ. 1997ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಪ್ಯಾರಿಸಿನಲ್ಲೇ, ಲೋಕದ ಯುವಜನರು ನೆರೆದಿದ್ದಾಗ, ಓಜನಾಮರನ್ನು ಪುನೀತರೆಂದು ಘೋಷಿಸಿದರು.

ಹಾಸ್ಟೆಲಿನ ಹಿರಿಯ ಕಿರಿಯನಿಂದ ಬಟ್ಟೆ ಒಗೆಸುತ್ತಾನೆ, ಬೂಟು ಒರೆಸುತ್ತಾನೆ. ಕೊನೆಯ ಭೋಜನದ ರಾತ್ರಿ ಆ ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯರಾಗಿದ್ದವರು ಯಾರು, ನೀರಿನ ಪಾತ್ರೆ ಹಿಡಿದು ಬಗ್ಗಿದವರು ಯಾರು? ಎರಡನೇ ವರ್ಷಕ್ಕೆ ಹೋಗುವ ನಮ್ಮ ಹುಡುಗರಿಗೆ ಈ ಪ್ರಶ್ನೆಯನ್ನು ಮನೆಯಲ್ಲೇ ಕೇಳಿ. ಮಗ ರ್ಯಾಗಿಂಗಿಗೆ ಸಿಕ್ಕಾನೆಂದು ಹೆದರುವ ಪಾಲಕರು ಎಲ್ಲೆಡೆ ಇದ್ದಾರೆ. ಮಗನೇ ಮಾಡಿಯಾನು ಎಂದು ಯೋಚಿಸುವವರು ವಿರಳ.

ಹಾಸ್ಟೆಲಿಗೆ ಹೊಸದಾಗಿ ಹೊರಡುವ ಮತ್ತು ಈಗಾಗಲೇ ಅಲ್ಲಿರುವ ಮಕ್ಕಳ ಹೆಸರು, ಊರು, ಕಾಲೇಜನ್ನು ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಬರೆದುಕೊಡಿ. ಅವರು ಆ ಪಟ್ಟಣದ ಗುರುಗಳಿಗೆ ತಿಳಿಸಲಿ. ಮೊದಲ ಭಾನುವಾರ ದೇವಾಲಯದ ಬಾಗಿಲಲ್ಲಿ ಹಿರಿಯನೊಬ್ಬ ಕಿರಿಯನಿಗಾಗಿ ಕಾಯುತ್ತಿರಲಿ. ಬಸ್ಸಿಳಿದವನ ಟ್ರಂಕಿನ ಇನ್ನೊಂದು ಹಿಡಿಯನ್ನು ಅವನು ಹಿಡಿದರೆ ಸಾಕು.