ಪೆಟ್ಟಿಗೆಯಲ್ಲಿ ಬಂದ ಮಾತ್ರೆಗಳು

ರಜೆ ಮುಗಿಸಿ ಊರಿನಿಂದ ಬ್ರಿಟನ್ನಿಗೆ ಮರಳುವ ನಮ್ಮವರ ಪೆಟ್ಟಿಗೆಗಳಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿಗಳ ನಡುವೆ ಇನ್ನೊಂದು ಪೊಟ್ಟಣವೂ ಇರುತ್ತದೆ: ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡ ಆಂಟಿಬಯಾಟಿಕ್ ಮಾತ್ರೆಗಳು. ಇಲ್ಲಿನ ವೈದ್ಯರು ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನನ್ನೂ ಕೊಡುವುದಿಲ್ಲವೆಂಬ ದೂರು ಸಂಘದ ಊಟದ ಪಂಕ್ತಿಯಲ್ಲಿ ಕೇಳಿಬರದ ಹಬ್ಬವಿಲ್ಲ. ವೈದ್ಯರಾದ ನಾವೂ ಅದಕ್ಕೆ ನಕ್ಕು ತಲೆದೂಗಿದ್ದುಂಟು. ಇನ್ನು ಹಾಗೆ ಸುಮ್ಮನಿರುವುದು ಸರಿಯಲ್ಲವೆಂದು ನಮಗೆ ತೋರುತ್ತದೆ.

ಟೈಫಾಯಿಡ್ ಜ್ವರವನ್ನೇ ನೋಡೋಣ. ಕಲುಷಿತ ನೀರು, ಆಹಾರಗಳ ಮೂಲಕ ಒಳಸೇರುವ ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಒಂದೆರಡು ವಾರ ಸದ್ದಿಲ್ಲದೆ ಇರುತ್ತದೆ. ಜ್ವರ ಕಾಣಿಸುವ ವೇಳೆಗೆ ಮಗು ಇಲ್ಲಿನ ಶಾಲೆಗೆ ಮರಳಿರುತ್ತದೆ. ರೋಗವನ್ನು ಖಚಿತಪಡಿಸುವ ಮುಖ್ಯ ದಾರಿ ರಕ್ತದ ಕಲ್ಚರ್. ರೋಗಿಯ ಮುಖವನ್ನೇ ಕಾಣದ ಸೂಕ್ಷ್ಮಜೀವಿ ತಜ್ಞರು ಆ ರಕ್ತವನ್ನು ಪೋಷಕ ದ್ರವದಲ್ಲಿ ಬೆಚ್ಚಗಿಟ್ಟು, ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ಒಂದೊಂದಾಗಿ ಪರೀಕ್ಷಿಸುತ್ತಾರೆ. ಇದಕ್ಕೆ ಕೆಲವು ದಿನಗಳು ಬೇಕು. ಟೈಫಾಯಿಡ್ ರೋಗಿಯ ರಕ್ತದಲ್ಲಿ ಬ್ಯಾಕ್ಟೀರಿಯಾಗಳು ಬಹು ವಿರಳ. ಒಂದು ಮಿಲಿಲೀಟರಿನಲ್ಲಿ ಒಂದೂ ಸಿಗದಿರಬಹುದು. ಎರಡು ದಿನ ಪೆಟ್ಟಿಗೆಯ ಮಾತ್ರೆ ನುಂಗಿಸಿ ಮೂರನೆಯ ದಿನ ಆಸ್ಪತ್ರೆಗೆ ಹೋದರೆ, ಇದ್ದ ಅಲ್ಪ ಸುಳಿವೂ ಅಳಿಸಿಹೋಗಿರುತ್ತದೆ. ರೋಗ ಮಾತ್ರ ಹೋಗಿರುವುದಿಲ್ಲ.

ಊರಿನಲ್ಲೇ ವಿಡಾಲ್ ಮಾಡಿಸಿದ್ದೇವಲ್ಲ ಎನ್ನುವವರೂ ಉಂಟು. 1896ರಷ್ಟು ಹಳೆಯದಾದ ಆ ಪರೀಕ್ಷೆ ಅಳೆಯುವುದು ಬ್ಯಾಕ್ಟೀರಿಯಾವನ್ನಲ್ಲ, ದೇಹದ ಪ್ರತಿಕಾಯಗಳನ್ನು. ಹಿಂದೆಂದೋ ಆದ ಸೋಂಕಿಗೂ ಅದು ಪಾಸಿಟಿವ್ ಎಂದೀತು. ಔಷಧ ಯಾವುದೆಂದು ಹೇಳಲಂತೂ ಆರದು. ಎಂ.ಬಿ.ಬಿ.ಎಸ್. ಓದುವಾಗ ನಾವೂ ಆ ಚೀಟಿಯನ್ನು ವೇದವಾಕ್ಯವೆಂದು ನಂಬಿದವರೇ!

ಔಷಧ ಯಾವುದೆಂಬುದೇ ಇಂದಿನ ಕಠಿಣ ಪ್ರಶ್ನೆ. ದಕ್ಷಿಣ ಏಷ್ಯಾದ ಟೈಫಾಯಿಡ್ ಎದುರು ಸಿಪ್ರೋಫ್ಲಾಕ್ಸಾಸಿನ್ ಬಹುಮಟ್ಟಿಗೆ ಸೋತಿದೆ. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ ಹಬ್ಬತೊಡಗಿದ ತಳಿ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದಿಗೂ ಜಗ್ಗಲಿಲ್ಲ. ಬಾಯಿಯ ಮೂಲಕ ಕೊಡಬಹುದಾದ ಮದ್ದುಗಳಲ್ಲಿ ನೆಚ್ಚಬಹುದಾದದ್ದು ಅಜಿತ್ರೋಮೈಸಿನ್ ಒಂದೇ ಉಳಿಯಿತು. ಗಂಟಲು ಕೆರೆದರೂ ನಮ್ಮವರು ಪೆಟ್ಟಿಗೆಯಿಂದ ತೆಗೆಯುವ ಮಾತ್ರೆ ಅನೇಕ ವೇಳೆ ಅದೇ.

ಆದುದರಿಂದ ನಮ್ಮ ಕೋರಿಕೆಯಿಷ್ಟು. ಭಾರತದಿಂದ ಬಂದ ಮೇಲೆ ಜ್ವರವೆದ್ದರೆ ಅಂದೇ ವೈದ್ಯರನ್ನು ಕಾಣಿರಿ. ಎಲ್ಲಿಗೆ ಹೋಗಿದ್ದಿರೆಂಬುದನ್ನು ಅವರು ಕೇಳುವ ಮೊದಲೇ ಹೇಳಿರಿ. ಕಲ್ಚರ್ ಜೊತೆಗೆ ಮಲೇರಿಯಾ ಪರೀಕ್ಷೆಯೂ ಆಗಬೇಕಾದೀತು. ರಕ್ತ ತೆಗೆದ ಕೂಡಲೇ ಔಷಧ ಆರಂಭಿಸಬಹುದು, ಅಗತ್ಯವಿದ್ದರೆ ಫಲಿತಾಂಶಕ್ಕೆ ಕಾಯಬೇಕಿಲ್ಲ. ಇಲ್ಲೇ ಹುಟ್ಟಿದ ಮಕ್ಕಳನ್ನು ಅಜ್ಜಿಯ ಮನೆಗೆ ಕರೆದೊಯ್ಯುವ ಮುನ್ನ ಟೈಫಾಯಿಡ್ ಲಸಿಕೆ ಹಾಕಿಸಿರಿ, ಎನ್.ಎಚ್.ಎಸ್.ನಲ್ಲಿ ಅದು ಉಚಿತ. ಪೆಟ್ಟಿಗೆಯಲ್ಲಿರುವ ಪೊಟ್ಟಣವನ್ನು ಕಸಕ್ಕೆ ಎಸೆಯದೆ ಹತ್ತಿರದ ಫಾರ್ಮಸಿಗೆ ಕೊಡಿರಿ. ಕಾರಣ ಕೇಳದೆ ತೆಗೆದುಕೊಳ್ಳುತ್ತಾರೆ.