ಕರ್ಪೂರ ಅಗ್ಗ, ಕುಲುಮೆ ಯಾರದು?

ತೆಂಗಿನ ಚಿಪ್ಪು, ಭತ್ತದ ಹೊಟ್ಟು, ಕರ್ಪೂರ: ಇವುಗಳಿಂದ ಇಂಗಾಲದ ನ್ಯಾನೋ ಕೊಳವೆ ಮಾಡಬಹುದಂತೆ, ಬಡವನ ಕಸವೇ ಇನ್ನು ಚಿನ್ನವಂತೆ! ಡಂಗುರ ಜೋರಾಗಿದೆ.

ವಿಜ್ಞಾನದ ಮೇಲೆ ನಮಗೆ ಜಗಳವಿಲ್ಲ. ಕೂದಲಿಗಿಂತ ಸಾವಿರಾರು ಪಾಲು ಸಣ್ಣದಾದ ಈ ಕೊಳವೆಗಳನ್ನು 1991ರಲ್ಲಿ ಜಪಾನಿನ ಸುಮಿಯೊ ಈಜಿಮಾ ವಿವರಿಸಿದರು. ಬ್ಯಾಟರಿಗೂ ಪ್ಲಾಸ್ಟಿಕ್ಕಿಗೂ ಇವು ಬೇಕು. 2003ರಲ್ಲಿ ನಗೋಯದಲ್ಲಿ ಮುಕುಲ್ ಕುಮಾರ್ ಮತ್ತು ಯೋಶಿನೋರಿ ಆಂಡೊ, ನಾವು ದೇವರ ಮುಂದೆ ಉರಿಸುವ ಕರ್ಪೂರದಿಂದಲೇ ಇವನ್ನು ಬೆಳೆಸಿ ತೋರಿಸಿದರು. ಭಲೇ ಎನ್ನೋಣ.

ಆದರೆ ಲೆಕ್ಕ ನೋಡಿ. ಕರ್ಪೂರ ಆವಿಯಾಗಬೇಕು; ಗಾಳಿ ಸೋಕದಂತೆ ಆರ್ಗಾನ್ ಅನಿಲ ಹರಿಯುವ ಕುಲುಮೆಯಲ್ಲಿ, ಸುಮಾರು 900 ಡಿಗ್ರಿ ಶಾಖದಲ್ಲಿ, ಕಬ್ಬಿಣದ ಕಣಗಳ ಮೇಲೆ ಕೊಳವೆ ಬೆಳೆಯಬೇಕು. ಆ ಕಬ್ಬಿಣ ಕಳೆಯಲು ಆಮ್ಲದಲ್ಲಿ ತೊಳೆಯಬೇಕು. ಅಗ್ಗವಾದದ್ದು ಕಚ್ಚಾ ಮಾಲು ಮಾತ್ರ. ಕುಲುಮೆ, ವಿದ್ಯುತ್ತು, ಅನಿಲ, ಪೇಟೆಂಟು ಯಾವುದೂ ಅಗ್ಗವಲ್ಲ; ಅವು ಯಾರ ಕೈಯಲ್ಲಿವೆಯೋ ಲಾಭ ಅವರದೇ. ಹತ್ತಿ ಬೆಳೆದವನಿಗೂ ಬಟ್ಟೆ ನೇಯ್ದವನಿಗೂ ಇದನ್ನು ಬಿಡಿಸಿ ಹೇಳಬೇಕೇ?

ಚಿಪ್ಪನ್ನು ಕಸವೆಂದು ಕರೆಯುವುದರಲ್ಲೇ ಮೋಸವಿದೆ. ಅದು ಒಲೆಗೆ ಸೌದೆ. ಇದ್ದಲಾಗಿ, ನೀರು ಸೋಸುವ ಸಕ್ರಿಯ ಇಂಗಾಲವಾಗಿ ಆಗಲೇ ಮಾರಾಟದಲ್ಲಿರುವ ಮಾಲು. ಊರೂರು ತಿರುಗಿ ಚಿಪ್ಪು ಕೊಂಡು ಮೂಟೆ ಕಟ್ಟುವ ಸಣ್ಣ ವ್ಯಾಪಾರಿಯನ್ನು ಕೇಳಿ, ಅದರ ದರ ಹೇಳುತ್ತಾನೆ. ಇಂದು ಕಸವೆಂದವನೇ ನಾಳೆ ಜಿಲ್ಲೆಯ ಚಿಪ್ಪಿಗೆಲ್ಲ ಗುತ್ತಿಗೆ ಹಿಡಿಯುತ್ತಾನೆ.

ಇನ್ನು 'ನೈಸರ್ಗಿಕ' ಎಂಬ ಮಾತು. ಹತ್ತಿಯೂ ನೈಸರ್ಗಿಕವೇ! ವಾರದ ರಜೆ ಮುಗಿಸಿ ಮಿಲ್ಲಿಗೆ ಬಂದ ದಿನ ಎದೆ ಬಿಗಿಯುವುದು ಯಾವ ಧೂಳಿನಿಂದ? ಉದ್ದನೆಯ ನ್ಯಾನೋ ಕೊಳವೆಗಳು ಇಲಿಗಳ ದೇಹದಲ್ಲಿ ಕಲ್ನಾರಿನಂತೆ ಕೇಡು ಮಾಡಿದ್ದನ್ನು 2008ರಲ್ಲೇ ಕಂಡಿದ್ದಾರೆ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ 2013ರಲ್ಲಿ ಸೂಚಿಸಿದ ಮಿತಿ, ಒಂದು ಘನ ಮೀಟರ್ ಗಾಳಿಗೆ 1 ಮೈಕ್ರೋಗ್ರಾಂ. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇವುಗಳಲ್ಲಿ ಒಂದು ಬಗೆಯನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಎಲ್ಲ ಕೊಳವೆಯೂ ಒಂದೇ ಅಲ್ಲ ಎಂದು ಧಣಿಗಳ ಪಂಡಿತರು ಹೇಳುತ್ತಾರೆ. ಇರಬಹುದು. ನಿರಪಾಯವೆಂದು ತೋರಿಸುವ ಹೊಣೆ ಮಾಡಿ ಮಾರುವವನದು; ಕೂಲಿಕಾರನ ಪುಪ್ಪುಸ ಪ್ರಯೋಗಶಾಲೆಯಲ್ಲ.

ಇಂಥ ಕಾರ್ಖಾನೆಗೆ ಸರಕಾರ ಜಮೀನು, ರಿಯಾಯಿತಿ ಕೊಡುವ ಮೊದಲು ಬೆಳೆಗಾರರ, ವ್ಯಾಪಾರಿಗಳ ಸಹಕಾರ ಸಂಘದೊಡನೆ ಚಿಪ್ಪಿನ ದರ ಗೊತ್ತುಪಡಿಸಲಿ. ಒಳಗಿನ ಧೂಳನ್ನು ದಿನವೂ ಅಳೆದು, ಲೆಕ್ಕವನ್ನು ಕಾರ್ಖಾನೆಯ ಬಾಗಿಲಲ್ಲೇ ಕನ್ನಡದಲ್ಲಿ ಬರೆದು ಹಾಕಲಿ. ಒಪ್ಪದ ಧಣಿಗೆ ಒಂದು ಚಿಪ್ಪೂ ಕೊಡಬೇಡಿ.